ಕಬ್ಬಿನ ಲೆಕ್ಕದಲ್ಲಿ ಸಿಕ್ಕ ಅವಿಭಾಜ್ಯ ಸಂಖ್ಯೆ

ಪ್ರಶ್ನೆ: ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗ ಕಬ್ಬಿನ ತೂಕ ಕೂಡಿಸುವ ಪ್ರೋಗ್ರಾಂ ಬರೆದಿದ್ದಾನೆ. ಮೊತ್ತ 2147483647 ಗ್ರಾಂ ದಾಟಿದೊಡನೆ ಋಣ ಸಂಖ್ಯೆ ಬರುತ್ತದೆ. ಅದು ಅವಿಭಾಜ್ಯ ಸಂಖ್ಯೆಯೂ ಹೌದಂತೆ. ಎರಡಕ್ಕೂ ಸಂಬಂಧವಿದೆಯೇ? ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಇದನ್ನು ಪತ್ತೆ ಮಾಡಿದ್ದು ಹೇಗೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ಕಬ್ಬನ್ನು ಗ್ರಾಂ ಲೆಕ್ಕದಲ್ಲಿ ತೂಗುವವರು ಮಂಡ್ಯದಲ್ಲಿದ್ದಾರೆಂದು ಈಗಷ್ಟೇ ತಿಳಿಯಿತು! ಟನ್ನಿನಲ್ಲಿ ಬರೆದಿದ್ದರೆ ಈ ಗಡಿ ನಿಮ್ಮ ಮಗನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಸಂಬಂಧವೇನೂ ಇಲ್ಲ. ಮೊತ್ತಕ್ಕೆಂದು ಮೀಸಲಾದ 32 ಬಿಟ್‌ಗಳಲ್ಲಿ (0 ಅಥವಾ 1 ಮಾತ್ರ ಹಿಡಿಸುವ ಸ್ಥಾನಗಳಲ್ಲಿ) ಒಂದು ಧನವೋ ಋಣವೋ ಎಂದು ಗುರುತಿಸಲು ಹೋಗುತ್ತದೆ. ಉಳಿದ 31ರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ, 2ರ 31ನೇ ಘಾತಕ್ಕಿಂತ ಒಂದು ಕಡಿಮೆ. 16 ಬಿಟ್‌ನ ಗಡಿ 32767; ಅದು 7 × 31 × 151. 64 ಬಿಟ್‌ನ ಗಡಿಯೂ 7ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ನಡುವಿನದು ಅವಿಭಾಜ್ಯವಾದದ್ದು ಕಾಕತಾಳೀಯ.

2ರ ಘಾತಕ್ಕಿಂತ ಒಂದು ಕಡಿಮೆಯಾದ ಇಂಥ ಸಂಖ್ಯೆ ಅವಿಭಾಜ್ಯವಾಗಬೇಕಾದರೆ ಘಾತಾಂಕವೂ ಅವಿಭಾಜ್ಯವಾಗಿರಲೇಬೇಕು. ಆದರೆ ಅಷ್ಟೇ ಸಾಲದು: ಘಾತಾಂಕ 11 ಆದಾಗ ಸಿಗುವ 2047 ಎಂದರೆ 23 × 89. ಇಟಲಿಯ ಗಣಿತಜ್ಞ ಕತಾಲ್ಡಿ 23, 29, 31, 37 ಈ ನಾಲ್ಕೂ ಘಾತಾಂಕಗಳು ಅವಿಭಾಜ್ಯವನ್ನು ಕೊಡುತ್ತವೆ ಎಂದಿದ್ದರು. ನಿಂತದ್ದು 31 ಮಾತ್ರ.

ಅದನ್ನು ಸಾಧಿಸಿದವರು ಸ್ವಿಸ್ ಗಣಿತಜ್ಞ ಆಯ್ಲರ್, 1772ರಲ್ಲಿ. ಈ ಸಂಖ್ಯೆಯ ವರ್ಗಮೂಲ ಸುಮಾರು 46341; ಅವಿಭಾಜ್ಯವಲ್ಲದಿದ್ದರೆ ಅಷ್ಟರೊಳಗೆ ಒಂದು ಭಾಜಕ ಇರಲೇಬೇಕು. ಅಲ್ಲಿಯವರೆಗಿನ ಬೆಸ ಸಂಖ್ಯೆಗಳೇ ಇಪ್ಪತ್ಮೂರು ಸಾವಿರಕ್ಕೂ ಹೆಚ್ಚು. ಒಂದೊಂದರಿಂದಲೂ ಭಾಗಿಸುತ್ತ ಕೂತರೆ ಕೈ ಸೋಲುತ್ತದೆ. ಆಯ್ಲರ್ ಮೊದಲು ಜರಡಿ ಹಿಡಿದರು. ‘ಪ’ ಎಂಬ ಅವಿಭಾಜ್ಯವೊಂದು ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಎನ್ನೋಣ. ಆಗ 2ರ 31ನೇ ಘಾತವನ್ನು ‘ಪ’ದಿಂದ ಭಾಗಿಸಿದರೆ ಶೇಷ 1. ಫರ್ಮಾ ಪ್ರಮೇಯದಂತೆ 2ರ (ಪ–1)ನೇ ಘಾತಕ್ಕೂ ಶೇಷ 1. 31 ಸ್ವತಃ ಅವಿಭಾಜ್ಯವಾದ್ದರಿಂದ ಈ ಎರಡೂ ಹೊಂದಬೇಕಾದರೆ ಪ–1 ಎಂಬುದು 31ರ ಅಪವರ್ತ್ಯವಾಗಿರಬೇಕು. ‘ಪ’ ಬೆಸ ಸಂಖ್ಯೆ, ಹಾಗಾಗಿ ಪ–1 ಎಂಬುದು 62ರ ಅಪವರ್ತ್ಯ. 2047ರಲ್ಲೂ ಇದೇ ಬಗೆ ಕಾಣುತ್ತದೆ: 23 ಮತ್ತು 89, ಎರಡೂ 22ರ ಅಪವರ್ತ್ಯಕ್ಕಿಂತ ಒಂದು ಹೆಚ್ಚು. ಜೊತೆಗೆ, ‘ಪ’ವನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರಬೇಕೆಂಬ ಇನ್ನೊಂದು ನಿಯಮವೂ ಇದೆ. ಎರಡನ್ನೂ ಕೂಡಿಸಿದರೆ, 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರುವ ಸಂಖ್ಯೆಗಳನ್ನು ಮಾತ್ರ ನೋಡಿದರೆ ಸಾಕು. 1ನ್ನು ಬಿಟ್ಟರೆ ಅಂಥವು 373. ಅವುಗಳಲ್ಲೂ ಅವಿಭಾಜ್ಯವಲ್ಲದವನ್ನು ಕೈಬಿಡಬಹುದು.

ಇದರಿಂದ ಹುಟ್ಟುವ ಪರಿಪೂರ್ಣ ಸಂಖ್ಯೆ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದದ್ದು) 2305843008139952128. ಇದಕ್ಕಿಂತ ದೊಡ್ಡದನ್ನು ಯಾರೂ ಕಂಡುಹಿಡಿಯಲಾರರು ಎಂದು ಇಂಗ್ಲೆಂಡಿನ ಪೀಟರ್ ಬಾರ್ಲೊ 1811ರಲ್ಲಿ ಬರೆದರು. ಗಣಿತದಲ್ಲಿ ಭವಿಷ್ಯ ಹೇಳುವ ಚಪಲ ಒಳ್ಳೆಯದಲ್ಲ. 2024ರಲ್ಲಿ ಸಿಕ್ಕ ಇದೇ ಜಾತಿಯ ಅವಿಭಾಜ್ಯಕ್ಕೆ ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳಿವೆ.

ಮೊತ್ತವನ್ನು 64 ಬಿಟ್‌ಗೆ ಬದಲಾಯಿಸಲು ಮಗನಿಗೆ ಹೇಳಿ, ಕಬ್ಬಿನ ಲೆಕ್ಕ ಸರಿಹೋಗುತ್ತದೆ. ಆಯ್ಲರರ ಜರಡಿಯನ್ನು ಪರೀಕ್ಷಿಸುವ ಆಸೆಯಿದ್ದರೆ 2147483647ನ್ನು 311ರಿಂದ ಭಾಗಿಸಿ ಆರಂಭಿಸಲಿ. ಶೇಷ 35 ಬರಬೇಕು.