ಮುಚ್ಚಿದ ಪೆಟ್ರೋಲ್ ಬಂಕ್ ಜಾಗದ ನೀರನ್ನು ಒಂದು ಸಲ ಟೆಸ್ಟ್ ಮಾಡಿಸಿದರೆ ಸಾಕಾ?

ಲೀಸ್ ಮುಗಿದು ಬಂಕ್ ಮುಚ್ಚಿದೆ, ಟ್ಯಾಂಕ್ ತೆಗೆದಿದ್ದಾರೆ, ಅಲ್ಲೇ ಮನೆ ಕಟ್ಟಬೇಕು, ಒಂದು ಸಲ ನೀರು ಟೆಸ್ಟ್ ಮಾಡಿಸಲು ಕಡಿಮೆ ಖರ್ಚಿನ ಲ್ಯಾಬ್ ಯಾವುದು ಅಂತ ಕೇಳಿದ್ದೀರಿ. ಲ್ಯಾಬ್ ವಿಷಯ ಆಮೇಲೆ. ನಮ್ಮದೂ ಇದೇ ಕತೆ.

ಪುತ್ತೂರು ಕಡೆ ರಸ್ತೆ ಬದಿಯ ಜಾಗ, ಅಪ್ಪ ಲೀಸ್‌ಗೆ ಕೊಟ್ಟಿದ್ದರು. ಟ್ಯಾಂಕ್ ಎತ್ತುವಾಗ ತಳದ ಮಣ್ಣು ಕಪ್ಪಾಗಿತ್ತು, ವಾಸನೆಯೂ ಇತ್ತು. ಬಂಕ್‌ನವರೇ ಮೂರು ಕಡೆ ಪೈಪ್ ಇಳಿಸಿ ನೀರು ನೋಡುತ್ತೇವೆ ಎಂದರು. ಏಪ್ರಿಲ್ ಕೊನೆಯಲ್ಲಿ ಬೋರ್ ಗಾಡಿ ಬಂತು, ಕೊರೆಯಿತು, ಹೋಯಿತು. ಪೈಪಿನ ಸೀಳು, ಅಂದರೆ ನೀರು ಒಳಗೆ ಬರುವ ಸಣ್ಣ ಕಂಡಿಗಳು, ಎಷ್ಟು ಆಳದಲ್ಲಿದೆ ಎಂದು ನಾನು ಕೇಳಲೇ ಇಲ್ಲ. ನಮಗೆ ದುಬಾರಿಯಾದದ್ದು ಅದೊಂದೇ.

ಇದನ್ನು ಬಿಡಿಸಿ ಹೇಳಬೇಕು. ಬೋರ್‌ವೆಲ್ ಕೊರೆಯುವವರ ಅಭ್ಯಾಸ ಏನೆಂದರೆ ಮೇಲಿನ ನೀರು ಒಳಗೆ ಬರಬಾರದು, ಕೆಳಗಿನ ಒಳ್ಳೆ ನೀರು ಮಾತ್ರ ಬರಬೇಕು. ಕುಡಿಯುವ ನೀರಿಗೆ ಅದು ಸರಿ. ಆದರೆ ಪೆಟ್ರೋಲ್ ನೀರಿಗಿಂತ ಹಗುರ, ನೀರಿನ ಮೇಲೆಯೇ ತೇಲುತ್ತದೆ. ನಮ್ಮಲ್ಲಿ ಆಗ ನೀರು 11 ಮೀಟರ್ ಕೆಳಗಿತ್ತು. ಅವರು 12 ಮೀಟರ್ ತನಕ ಸೀಳಿಲ್ಲದ ಪೈಪ್ ಹಾಕಿ, ಅದರ ಕೆಳಗೆ ಮಾತ್ರ ಸೀಳು ಇರುವ ಪೈಪ್ ಕೂರಿಸಿದ್ದರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ, ಅದೂ ಮುರಕಲ್ಲಿನ ನೆಲ. ಜುಲೈನಲ್ಲಿ ನೀರು 3 ಮೀಟರ್‌ಗೆ ಏರುತ್ತದೆ. ನೀರಿನ ಜೊತೆ ಪೆಟ್ರೋಲ್ ಕೂಡ ಕಲ್ಲಿನ ತೂತುಗಳಿಗೆಲ್ಲ ಮೆತ್ತಿಕೊಳ್ಳುತ್ತಾ ಮೇಲೆ ಬರುತ್ತದೆ. ಸೀಳು ಮಾತ್ರ ಅಲ್ಲೇ 12 ಮೀಟರ್ ಕೆಳಗೆ. ಪೈಪಿನ ಒಳಗೂ ನೀರು ಮೇಲಿನ ತನಕ ನಿಂತಿರುತ್ತದೆ, ನೋಡಿದವರು ಮೇಲಿನ ನೀರೇ ಸಿಕ್ಕಿತು ಅಂದುಕೊಳ್ಳುತ್ತಾರೆ. ಅದು ಆಳದಿಂದ ಒಳಗೆ ಬಂದು ಏರಿದ ನೀರು, ಅದರಲ್ಲಿ ಪೆಟ್ರೋಲ್ ಎಲ್ಲಿಂದ ಬರಬೇಕು? ಪ್ರತಿ ರಿಪೋರ್ಟ್‌ನಲ್ಲೂ ಬೆಂಜೀನ್ (ಪೆಟ್ರೋಲ್‌ನಲ್ಲಿರುವ ವಿಷ ವಸ್ತು) 'ಪತ್ತೆಯಾಗಿಲ್ಲ' ಎಂದೇ ಬಂತು. ಅದನ್ನು ನಂಬಿ, ಜಾಗ ಸರಿಯಿದೆ, ಇನ್ನು ಯಾವ ಹೊಣೆಯೂ ಬಂಕ್‌ನವರದ್ದಲ್ಲ ಎಂಬ ಕಾಗದಕ್ಕೆ ನಾವು ಸಹಿ ಹಾಕಿದೆವು.

ಮುಂದಿನ ಮಳೆಗಾಲದಲ್ಲಿ ಕೆಳಗಿನ ಮನೆಯ ಅಕ್ಕ ಕರೆದರು. ಅವರದ್ದು ತೆರೆದ ಬಾವಿ, ಸುತ್ತಲಿನ ನೀರು ಎಲ್ಲಾ ಮಟ್ಟದಿಂದಲೂ ಒಸರುತ್ತದೆ. ಕೊಡಪಾನದ ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಇತ್ತು, ಬೆರಳು ಅದ್ದಿದರೆ ಒಡೆದು ಮತ್ತೆ ಕೂಡಿಕೊಳ್ಳುತ್ತಿತ್ತು. ಆಮೇಲೆ ಗೊತ್ತಿದ್ದವರನ್ನು ಕರೆಸಿ, 2 ಮೀಟರ್‌ನಿಂದ 13 ಮೀಟರ್ ತನಕ ಸೀಳು ಇರುವ ಹೊಸ ಪೈಪ್ ಇಳಿಸಿದೆವು. ಪಾರದರ್ಶಕ ಕೊಳವೆಯಲ್ಲಿ ನೀರೆತ್ತಿದಾಗ ಮೇಲೆ ಒಂದು ಬೆರಳಿನಷ್ಟು ಹಳದಿ ಪೆಟ್ರೋಲ್ ನಿಂತಿತ್ತು. ಮಣ್ಣು ತೆಗೆಸಿದ್ದು, ಪಕ್ಕದವರಿಗೆ ಟ್ಯಾಂಕರ್ ನೀರು ಕೊಟ್ಟದ್ದು, ಎಲ್ಲಾ ನಮ್ಮ ಕೈಯಿಂದ.

ಹಾಗಾಗಿ 'ಒಂದು ಸಲ ಟೆಸ್ಟ್' ಎಂಬ ಲೆಕ್ಕವನ್ನೇ ಬಿಡಿ. ಬೇಸಿಗೆ ಕೊನೆಗೂ ನೋಡಬೇಕು, ಮಳೆ ಜೋರಾದ ಮೇಲೂ ನೋಡಬೇಕು, ಕನಿಷ್ಠ ಎರಡು ವರ್ಷ. ಸೀಳು ನೀರು ಏರಿಳಿಯುವ ಅಷ್ಟೂ ಎತ್ತರಕ್ಕೆ ಇರಬೇಕು. ಕನಿಷ್ಠ ಮೂರು ಪೈಪ್ ಬೇಕು, ಇಲ್ಲದಿದ್ದರೆ ನೀರು ಯಾವ ಕಡೆ ಹರಿಯುತ್ತದೆ ಅಂತಲೇ ತಿಳಿಯುವುದಿಲ್ಲ. ಮನೆ ಬೋರ್‌ವೆಲ್ ನೀರು ಚೆನ್ನಾಗಿದೆ ಅನ್ನುವುದು ಇದಕ್ಕೆ ಉತ್ತರ ಅಲ್ಲ.

ವಾಸನೆ ಇಲ್ಲ ಎಂದೂ ಬರೆದಿದ್ದೀರಿ. ಬೆಂಜೀನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರ್‌ಗೆ 0.01 ಮಿಲಿಗ್ರಾಂ. ನಾಲಿಗೆಗೆ ಅದರ ರುಚಿ ತಿಳಿಯಲು ಕಡಿಮೆ ಎಂದರೂ 0.5 ಮಿಲಿಗ್ರಾಂ ಬೇಕು. ಮೂಗು, ನಾಲಿಗೆ ನಂಬಿ ಕೂತರೆ ಅಷ್ಟರಲ್ಲಿ 50 ಪಟ್ಟು ಜಾಸ್ತಿ ಕುಡಿದಾಗಿರುತ್ತದೆ. ಕ್ಯಾನ್ಸರ್ ತರುವ ವಸ್ತು ಅದು.

ಲ್ಯಾಬ್ ಯಾವುದೇ ಇರಲಿ, ಟಿಡಿಎಸ್, ಗಡಸುತನ ನೋಡುವ ಮಾಮೂಲಿ ಪ್ಯಾಕೇಜ್ ಬೇಡ. ಬೆಂಜೀನ್, ಟಾಲ್ಯೂನ್, ಈಥೈಲ್ ಬೆಂಜೀನ್, ಕ್ಸೈಲೀನ್, ಪೆಟ್ರೋಲ್‌ನಲ್ಲಿರುವ ಈ ನಾಲ್ಕನ್ನೂ ಹೆಸರು ಹೇಳಿ ಕೇಳಿ. ಸ್ಯಾಂಪಲ್ ತೆಗೆಯುವವನು ಖಾಲಿ ಮಿನರಲ್ ವಾಟರ್ ಬಾಟಲಿ ಹಿಡಿದು ಬಂದರೆ ವಾಪಸ್ ಕಳಿಸಿ. 40 ಮಿ.ಲೀ.ನ ಗಾಜಿನ ಸೀಸೆ, ಒಂದು ಗುಳ್ಳೆಯೂ ಇಲ್ಲದಂತೆ ತುಂಬಿಸಿ, ಐಸ್‌ನಲ್ಲಿಟ್ಟು ಒಯ್ಯಬೇಕು. ಬೆಂಜೀನ್ ಗಾಳಿಗೆ ಹಾರಿಹೋಗುತ್ತದೆ, ಸಂಪ್ ಅಥವಾ ಓವರ್‌ಹೆಡ್ ಟ್ಯಾಂಕಿನ ನೀರು ಕೊಟ್ಟರೆ ಸುಮ್ನೆ ದುಡ್ಡು ದಂಡ.

ಅಲ್ಲಿಯವರೆಗೆ ಲೀಸ್ ಬಿಡುಗಡೆಯ ಕಾಗದಕ್ಕೆ ಸಹಿ ಹಾಕಬೇಡಿ, ಯಾರು ಎಷ್ಟೇ ಅವಸರ ಮಾಡಲಿ. ಪೈಪ್ ಇಳಿಸುವ ದಿನ ಅಲ್ಲೇ ನಿಂತು ಸೀಳು ಎಲ್ಲಿಂದ ಎಲ್ಲಿಗೆ ಎಂದು ಅಳೆದು ಫೋಟೋ ತೆಗೆದಿಟ್ಟುಕೊಳ್ಳಿ. ಮತ್ತೆ ಇಳಿಜಾರಿನ ಕಡೆ ಯಾರ ಬಾವಿ ಇದೆಯೋ ಅವರಿಗೆ ಈ ವಾರವೇ ವಿಷಯ ತಿಳಿಸಿ. ಅವರ ಬಾವಿ ನೀರನ್ನೂ ನಿಮ್ಮ ಖರ್ಚಿನಲ್ಲೇ ಟೆಸ್ಟ್‌ಗೆ ಕಳಿಸಿ, ಅವರ ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ರಿಪೋರ್ಟ್ ಬರುವ ತನಕ ಆ ನೀರು ಕುಡಿಸಬೇಡಿ ಎನ್ನಿ.