ಫ್ಲಾರೆನ್ಸ್‌ನಿಂದ ಒಂದೇ ದಿನದಲ್ಲಿ ಸಿಯೆನಾ ಮತ್ತು ಸಾನ್ ಜಿಮಿನ್ಯಾನೊ: ಮಾರ್ಗದರ್ಶಿಯ ಜೊತೆ ಹೋಗಬೇಕೇ?

ಫ್ಲಾರೆನ್ಸ್‌ನಲ್ಲಿ ಮೂರು ದಿನ ತಂಗಲಿರುವ ನೀವು, 65 ದಾಟಿದ ಸಸ್ಯಾಹಾರಿ ತಂದೆತಾಯಿಯರನ್ನು ಕರೆದುಕೊಂಡು ಒಂದು ದಿನ ಇಟಲಿಯ ಟಸ್ಕನಿ ಪ್ರಾಂತ್ಯದ ಬೆಟ್ಟದ ಮೇಲಿನ ಮಧ್ಯಯುಗದ ಊರುಗಳನ್ನು ನೋಡಬೇಕೆಂದಿದ್ದೀರಿ. ಅದಕ್ಕೆ ಮಾರ್ಗದರ್ಶಿ ಇರುವ ಬಸ್ ಪ್ರವಾಸಕ್ಕೆ ಹಣ ಕಟ್ಟುವುದು ಸಾರ್ಥಕವೇ, ಅಥವಾ ನೀವೇ ಸಾರ್ವಜನಿಕ ಬಸ್ ಹಿಡಿದು ಹೋಗುವುದು ಮೇಲೇ ಎಂದು ಕೇಳಿದ್ದೀರಿ. ಮೂರು ವರ್ಷಗಳಿಂದ ಬೊಲೊನ್ಯಾದಲ್ಲಿ ಉದ್ಯೋಗದಲ್ಲಿರುವ ನಾನು ಈ ಪ್ರವಾಸವನ್ನು ಎರಡು ಬಾರಿ ಮಾಡಿದ್ದೇನೆ. ಎರಡನೆಯ ಬಾರಿ ಶಿವಮೊಗ್ಗದಿಂದ ಬಂದಿದ್ದ ಅಪ್ಪ ಅಮ್ಮ ಜೊತೆಗಿದ್ದರು. ನನ್ನ ಉತ್ತರ ಇಷ್ಟು: ಮಾರ್ಗದರ್ಶಿಯ ಜೊತೆಯೇ ಹೋಗಿ, ಆದರೆ ದಿನಕ್ಕೆ ಎರಡೇ ಊರುಗಳನ್ನು ತೋರಿಸುವ ಪ್ರವಾಸವನ್ನು ಹುಡುಕಿಕೊಳ್ಳಿ.

ಎರಡೇ ಎಂದು ಒತ್ತಿ ಹೇಳಲು ಕಾರಣವಿದೆ. ಮೊದಲ ಸಲ ನಾನು ಪೀಸಾ, ಸಿಯೆನಾ, ಸಾನ್ ಜಿಮಿನ್ಯಾನೊ ಮತ್ತು ಕಿಯಾಂತಿ ಪ್ರದೇಶದ ದ್ರಾಕ್ಷಿತೋಟವೊಂದರಲ್ಲಿ ಊಟ, ಹೀಗೆ ಎಲ್ಲವನ್ನೂ ಹನ್ನೆರಡು ಗಂಟೆಗಳಲ್ಲಿ ಮುಗಿಸುವ ದೊಡ್ಡ ಬಸ್ಸಿನಲ್ಲಿ ಹೋಗಿದ್ದೆ. ಸಾನ್ ಜಿಮಿನ್ಯಾನೊದಲ್ಲಿ ನಮಗೆ ಸಿಕ್ಕಿದ್ದು ಐವತ್ತು ನಿಮಿಷ. ಬಸ್ಸುಗಳು ಕೋಟೆಯೊಳಗೆ ಹೋಗುವಂತಿಲ್ಲ. ಹೊರಗಿನ ನಿಲ್ದಾಣದಲ್ಲಿ ಇಳಿದು, ಸಾನ್ ಜೊವಾನ್ನಿ ಬಾಗಿಲನ್ನು ದಾಟಿ, ಏರುಬೀದಿಯಲ್ಲಿ ಮೇಲಿನ ಚೌಕಕ್ಕೆ ಹೋಗಿ ಬರುವುದಕ್ಕೇ ಅರ್ಧ ಗಂಟೆ ಬೇಕು. ನಮ್ಮ ಗುಂಪಿನಲ್ಲಿದ್ದ ವಯಸ್ಸಾದ ದಂಪತಿಗಳು ಅರ್ಧದಾರಿಯಲ್ಲೇ ಐಸ್‌ಕ್ರೀಮ್ ಅಂಗಡಿಯ ಮುಂದೆ ಕುಳಿತುಬಿಟ್ಟರು. ಅಷ್ಟು ದೂರದಿಂದ ಬಂದು ಊರಿನ ನಡುವಿನ ಬಾವಿಯನ್ನೂ ನೋಡದೆ ಹಿಂತಿರುಗಿದ ಅವರನ್ನು ನೆನೆದರೆ ಈಗಲೂ ನನಗೆ ಬೇಸರವಾಗುತ್ತದೆ. ಜಾಹೀರಾತಿನಲ್ಲಿ ಊರುಗಳ ಹೆಸರು ಹೆಚ್ಚಾದಷ್ಟೂ ನೀವು ಬಸ್ಸಿನಲ್ಲಿ ಕೂರುವ ಹೊತ್ತು ಹೆಚ್ಚುತ್ತದೆ. ಪೀಸಾ ಬೇರೆ ದಿಕ್ಕಿನಲ್ಲಿರುವುದರಿಂದ ಅದನ್ನು ಸೇರಿಸಿದ ಪ್ರವಾಸವನ್ನು ದಯವಿಟ್ಟು ಬಿಟ್ಟುಬಿಡಿ. ಫ್ಲಾರೆನ್ಸ್‌ನಿಂದ ರೈಲಿನಲ್ಲಿ ಅದನ್ನು ಬೇರೊಂದು ದಿನ ಸುಲಭವಾಗಿ ನೋಡಿ ಬರಬಹುದು.

ನೀವೇ ಹೋಗಲು ಸಾಧ್ಯವಿಲ್ಲವೆಂದಲ್ಲ. ಫ್ಲಾರೆನ್ಸ್‌ನ ಮುಖ್ಯ ರೈಲು ನಿಲ್ದಾಣದ ಪಕ್ಕದಿಂದ ಸಿಯೆನಾಕ್ಕೆ ನೇರ ಬಸ್ಸುಗಳಿವೆ. ಸುಮಾರು ಒಂದೂಕಾಲು ಗಂಟೆಯಿಂದ ಒಂದೂವರೆ ಗಂಟೆಯ ಪ್ರಯಾಣ. ಸಿಯೆನಾ ಒಂದನ್ನೇ ನೋಡುವುದಾದರೆ ನಾನು ಈ ಬಸ್ಸನ್ನೇ ಸೂಚಿಸುತ್ತಿದ್ದೆ. ಆದರೆ ಸಾನ್ ಜಿಮಿನ್ಯಾನೊಗೆ ರೈಲಿಲ್ಲ. ಪೊಜ್ಜಿಬೊನ್ಸಿ ಎಂಬಲ್ಲಿ ಇಳಿದು ಮತ್ತೊಂದು ಬಸ್ ಹಿಡಿಯಬೇಕು, ಭಾನುವಾರ ಹಾಗೂ ರಜಾದಿನಗಳಲ್ಲಿ ಆ ಬಸ್ಸುಗಳು ವಿರಳ. ಹಿರಿಯರನ್ನು ಬಿಸಿಲಿನಲ್ಲಿ ನಿಲ್ಲಿಸಿಕೊಂಡು ಬಸ್ಸಿಗೆ ಕಾಯುವುದು ಬೇಡ. ಬಾಡಿಗೆ ಕಾರಿನ ಯೋಚನೆಯಿದ್ದರೆ ಇನ್ನೊಂದು ಮಾತು: ಈ ಹಳೆಯ ಊರುಗಳ ಒಳಭಾಗಕ್ಕೆ ಹೊರಗಿನವರ ವಾಹನಗಳಿಗೆ ಪ್ರವೇಶವಿಲ್ಲ, ಬೀದಿಯ ಬಾಯಲ್ಲಿರುವ ಕ್ಯಾಮೆರಾ ನಿಮ್ಮ ಗಾಡಿಯ ಸಂಖ್ಯೆಯನ್ನು ಹಿಡಿಯುತ್ತದೆ, ದಂಡದ ಚೀಟಿ ನೀವು ಊರಿಗೆ ಮರಳಿದ ಎಷ್ಟೋ ತಿಂಗಳ ಮೇಲೆ ಮನೆಗೆ ಬರುತ್ತದೆ.

ಆದರೂ ಮಾರ್ಗದರ್ಶಿ ಬೇಕೆಂದು ನಾನು ಹೇಳುವುದು ಮುಖ್ಯವಾಗಿ ಬಸ್ಸಿನ ಅನುಕೂಲಕ್ಕಾಗಿ ಅಲ್ಲ. ಈ ಊರುಗಳು ಹೀಗೇಕೆ ಉಳಿದಿವೆ ಎಂಬುದು ತಿಳಿಯದಿದ್ದರೆ ನೋಡಿದ್ದು ಅಂದವಾದ ಕಲ್ಲಿನ ಬೀದಿಗಳಷ್ಟೇ ಆಗುತ್ತದೆ. ಸಾನ್ ಜಿಮಿನ್ಯಾನೊ ಉತ್ತರ ಯೂರೋಪಿನಿಂದ ರೋಮ್‌ಗೆ ಹೋಗುವ ಯಾತ್ರಿಕರ ದಾರಿಯ ಮೇಲಿತ್ತು; ಕೇಸರಿ ಬೆಳೆದು ಮಾರಿ ಶ್ರೀಮಂತವಾಯಿತು. ಹಣವಂತ ಮನೆತನಗಳು ಒಂದರ ಮೇಲೊಂದು ಹಟ ಹಿಡಿದು ಗೋಪುರಗಳನ್ನು ಎಬ್ಬಿಸಿದವು. ಒಂದು ಕಾಲಕ್ಕೆ ಅಲ್ಲಿ 72 ಗೋಪುರಗಳಿದ್ದವೆಂಬುದು ಪರಂಪರೆಯ ಲೆಕ್ಕ, ಈಗ 14 ಉಳಿದಿವೆ. 1348ರ ಮಹಾಮಾರಿ ಪ್ಲೇಗ್‌ನಲ್ಲಿ ಊರು ಬರಿದಾಯಿತು, ಕೆಲವೇ ವರ್ಷಗಳಲ್ಲಿ ಫ್ಲಾರೆನ್ಸ್‌ನ ಅಧೀನಕ್ಕೆ ಹೋಯಿತು, ಯಾತ್ರಿಕರ ದಾರಿಯೂ ಕಣಿವೆಯ ಕಡೆಗೆ ಸರಿಯಿತು. ಆಮೇಲೆ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಲು ಅಲ್ಲಿನವರಲ್ಲಿ ಹಣವೇ ಇರಲಿಲ್ಲ. ಇದರ ಜೊತೆಗೆ ಫ್ಲಾರೆನ್ಸ್‌ನ ಕಥೆಯನ್ನು ಇಟ್ಟು ನೋಡಿ: ಅಲ್ಲಿಯೂ ಇಂಥ ಗೋಪುರಗಳು ಬಹಳ ಇದ್ದವು, ಆದರೆ 1250ರಲ್ಲಿ ಅಧಿಕಾರಕ್ಕೆ ಬಂದ ಜನಸರ್ಕಾರ ಅವುಗಳ ಎತ್ತರವನ್ನು ಸುಮಾರು 29 ಮೀಟರಿಗೆ ಕತ್ತರಿಸಿಹಾಕಿತು. ಸಂಪತ್ತು ಉಳಿದ ಊರಿನಲ್ಲಿ ಗೋಪುರಗಳು ಮರೆಯಾದವು, ಬಡವಾದ ಊರಿನಲ್ಲಿ ನಿಂತವು. ನಮ್ಮ ಎರಡನೆಯ ಪ್ರವಾಸದ ಮಾರ್ಗದರ್ಶಿ ಇದನ್ನು ವ್ಯಾನಿನಲ್ಲಿಯೇ, ಗೋಪುರಗಳ ಸಾಲು ದೂರದಲ್ಲಿ ಕಾಣಿಸಿಕೊಂಡ ಹೊತ್ತಿಗೆ ಸರಿಯಾಗಿ ಹೇಳಿದರು. ಇಳಿದ ಮೇಲೆ ಅಪ್ಪ ಒಂದೊಂದು ಗೋಪುರದ ಮುಂದೆಯೂ ನಿಂತು ನೋಡಿದರು.

ಸಿಯೆನಾದಲ್ಲಂತೂ ಸ್ಥಳೀಯ ಮಾರ್ಗದರ್ಶಿಯಿಲ್ಲದೆ ಹೋಗಬೇಡಿ. ಅಲ್ಲಿನ ಪ್ರಧಾನ ಗುಡಿಯ, ಅಂದರೆ ಕಪ್ಪು ಬಿಳುಪು ಅಮೃತಶಿಲೆಯ ಪಟ್ಟೆಗಳ ಆ ಮಹಾ ಚರ್ಚಿನ ಪಕ್ಕದಲ್ಲಿ, ಚಾವಣಿಯಿಲ್ಲದೆ ಒಂಟಿಯಾಗಿ ನಿಂತ ಒಂದು ಎತ್ತರದ ಗೋಡೆಯಿದೆ. ಬಹುತೇಕ ಪ್ರವಾಸಿಗರು ಅದನ್ನು ಕುಸಿದ ಕಟ್ಟಡವೆಂದುಕೊಂಡು ಮುಂದೆ ಹೋಗುತ್ತಾರೆ. ವಾಸ್ತವದಲ್ಲಿ ಅದು ಮುಗಿಯದ ಕಟ್ಟಡ. ಇದ್ದ ಚರ್ಚನ್ನೇ ಅಡ್ಡಭಾಗವಾಗಿಸಿಕೊಂಡು ಅದಕ್ಕಿಂತ ಎಷ್ಟೋ ದೊಡ್ಡದನ್ನು ಕಟ್ಟಬೇಕೆಂದು 1339ರಲ್ಲಿ ಸಿಯೆನಾದವರು ನಿರ್ಧರಿಸಿದ್ದರು. ಒಂಬತ್ತು ವರ್ಷಗಳ ನಂತರ ಪ್ಲೇಗ್ ಬಂದು ಕೆಲಸ ನಿಂತಿತು, ಮತ್ತೆ ಮುಂದುವರಿಯಲಿಲ್ಲ. ಆ ಗೋಡೆಯ ಕೆಳಗೆ, ಈಗ ವಾಹನ ನಿಲ್ಲುವಷ್ಟು ಬಯಲಾಗಿರುವ ಜಾಗದಲ್ಲಿ ನಿಂತು, ಇದು ಒಳಾಂಗಣವಾಗಬೇಕಿತ್ತು ಎಂದು ಮಾರ್ಗದರ್ಶಿ ಕೈ ಬೀಸಿ ತೋರಿಸಿದಾಗ ನಾವು ಯಾರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಪಿಯಾತ್ಸಾ ದೆಲ್ ಕಾಂಪೊ ಎಂಬ ಮುಖ್ಯ ಚೌಕವೂ ಹಾಗೆಯೇ. ಚಿಪ್ಪಿನಂತೆ ಇಳಿಜಾರಾಗಿರುವ ಆ ಇಟ್ಟಿಗೆ ನೆಲವನ್ನು ಬಿಳಿ ಕಲ್ಲಿನ ಗೆರೆಗಳು ಒಂಬತ್ತು ಭಾಗ ಮಾಡಿವೆ. 1287ರಿಂದ 1355ರವರೆಗೆ ನಗರವನ್ನು ಆಳಿದ ಒಂಬತ್ತು ಜನರ ಮಂಡಳಿಯ ಗುರುತು ಅದು. ಅದೇ ಮಂಡಳಿ ತನ್ನ ಸಭಾಂಗಣದ ಗೋಡೆಯ ಮೇಲೆ ಒಳ್ಳೆಯ ಆಡಳಿತ ಮತ್ತು ಕೆಟ್ಟ ಆಡಳಿತದ ಪರಿಣಾಮಗಳನ್ನು ಅಂಬ್ರೋಜೊ ಲೊರೆಂತ್ಸೆತ್ತಿಯಿಂದ 1338–39ರಲ್ಲಿ ಬರೆಸಿತು. ಒಂದು ದಿನದ ಪ್ರವಾಸಗಳು ಸಾಮಾನ್ಯವಾಗಿ ಇದನ್ನು ತೋರಿಸುವುದಿಲ್ಲ. ನಿಮಗೆ ಬಿಡುವಿನ ಒಂದು ಗಂಟೆ ಸಿಕ್ಕರೆ, ಆ ಕೋಣೆ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು, ಅಂಗಡಿಗಳಿಗಿಂತ ಅದಕ್ಕೇ ಸಮಯ ಕೊಡಿ. ಬೀದಿಯ ಮೂಲೆಗಳಲ್ಲಿ ಬಸವನಹುಳು, ಹೆಬ್ಬಾತು, ಆಮೆ, ಆನೆ ಮುಂತಾದವುಗಳ ಸಣ್ಣ ಫಲಕಗಳನ್ನೂ ಗಮನಿಸಿ. ಅವು ನಗರದ 17 ಕೇರಿಗಳ ಲಾಂಛನಗಳು. ಪ್ರತಿ ವರ್ಷ ಜುಲೈ 2 ಮತ್ತು ಆಗಸ್ಟ್ 16ರಂದು ಇದೇ ಚೌಕದಲ್ಲಿ ನಡೆಯುವ ಪಾಲಿಯೊ ಕುದುರೆ ಓಟದಲ್ಲಿ ಈ ಕೇರಿಗಳ ಪೈಕಿ ಹತ್ತು ಸ್ಪರ್ಧಿಸುತ್ತವೆ. ಆ ದಿನಗಳಲ್ಲಿಯೂ ಅದರ ಹಿಂದಿನ ಮೂರ್ನಾಲ್ಕು ದಿನಗಳಲ್ಲಿಯೂ ಹಿರಿಯರೊಂದಿಗೆ ಹೋಗಬೇಡಿ. ಚೌಕದ ಸುತ್ತ ಓಟಕ್ಕಾಗಿ ಮಣ್ಣು ಹಾಸಿರುತ್ತಾರೆ, ಜನಜಂಗುಳಿಯಲ್ಲಿ ಕೂರಲೂ ಜಾಗವಿರುವುದಿಲ್ಲ.

ಹಣ ಕಟ್ಟುವ ಮುನ್ನ ಸಂಸ್ಥೆಯವರನ್ನು ಕೇಳಲೇಬೇಕಾದ ಕೆಲವು ಸಂಗತಿಗಳಿವೆ. ಬಸ್ಸಿನಲ್ಲಿ ಬರುವವರು ಅನೇಕ ವೇಳೆ ಗುಂಪನ್ನು ನೋಡಿಕೊಳ್ಳುವ ಸಹಾಯಕರು ಮಾತ್ರ. ಇಟಲಿಯಲ್ಲಿ ಸ್ಮಾರಕಗಳನ್ನು ವಿವರಿಸಲು ಮಾರ್ಗದರ್ಶಿಗೆ ಪರವಾನಗಿ ಬೇಕು. ಆದ್ದರಿಂದ ಸಿಯೆನಾದಲ್ಲಿ ಪರವಾನಗಿ ಇರುವ ಮಾರ್ಗದರ್ಶಿ ಎಷ್ಟು ಹೊತ್ತು ಜೊತೆಗಿರುತ್ತಾರೆ, ಚರ್ಚಿನ ಒಳಗಿನ ಟಿಕೆಟ್ ಸೇರಿದೆಯೇ, ಕಿವಿಗೆ ಹಾಕಿಕೊಳ್ಳುವ ಧ್ವನಿ ಉಪಕರಣ ಕೊಡುತ್ತಾರೆಯೇ ಎಂದು ಸ್ಪಷ್ಟವಾಗಿ ಕೇಳಿ. ಕೊನೆಯದು ಸಣ್ಣ ವಿಷಯವೆಂದು ತೋರಬಹುದು, ಆದರೆ ನಿಧಾನವಾಗಿ ನಡೆಯುವ ಹಿರಿಯರು ಗುಂಪಿನ ಹಿಂದೆ ಉಳಿದರೂ ಮಾತು ಕಿವಿಗೆ ಬೀಳುತ್ತಿರುತ್ತದೆ. ಅಮ್ಮನಿಗೆ ಅದರಿಂದ ಬಹಳ ಉಪಕಾರವಾಯಿತು. ಸಾಧ್ಯವಾದರೆ ಏಳೆಂಟು ಜನರ ವ್ಯಾನ್ ಪ್ರವಾಸವನ್ನು ಆರಿಸಿ. ದುಡ್ಡು ಹೆಚ್ಚು, ಆದರೆ ಶೌಚಾಲಯಕ್ಕೆ ನಿಲ್ಲಿಸಿ ಎಂದು ಸಂಕೋಚವಿಲ್ಲದೆ ಕೇಳಬಹುದು. ಚರ್ಚಿನ ಒಳಗೆ ಹೆಗಲು, ಮಂಡಿ ಮುಚ್ಚಿರಬೇಕು. ಸೀರೆ, ಚೂಡಿದಾರಕ್ಕೆ ಏನೂ ತೊಂದರೆಯಿಲ್ಲ. ಕಾಲಿಗೆ ಮಾತ್ರ ಹಿಡಿತವಿರುವ ಶೂ ಇರಲಿ, ಚಪ್ಪಲಿ ಬೇಡ. ನುಣುಪಾದ ಹಾಸುಗಲ್ಲು ಮಳೆಯಲ್ಲಿ ಜಾರುತ್ತದೆ.

ಊಟದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಆ ಆತಂಕ ಕಾಣುತ್ತಿದೆ. ದ್ರಾಕ್ಷಿತೋಟದ ಊಟವೆಂದರೆ ಸಾಮಾನ್ಯವಾಗಿ ವೈನ್, ಗಿಣ್ಣು (ಚೀಸ್), ಒಣಗಿಸಿದ ಮಾಂಸದ ಹೋಳುಗಳು. ಜೊತೆಗೆ ಬರುವ ಸುಟ್ಟ ಬ್ರೆಡ್ಡಿನ ಮೇಲಿನ ಕಂದು ಬಣ್ಣದ ಲೇಪ ಕೋಳಿಯ ಪಿತ್ತಜನಕಾಂಗದಿಂದ ಮಾಡಿದ್ದು. ನೋಡಲು ಯಾವುದೋ ಬೇಳೆಯ ಚಟ್ನಿಯಂತೆ ಇರುವುದರಿಂದ ಎಚ್ಚರವಿರಲಿ. ತರಕಾರಿ ಸೂಪಿನಲ್ಲಿ ಮಾಂಸದ ರಸ ಬೆರೆತಿರುವುದುಂಟು. ಇಲ್ಲಿನ ಕುರಿಹಾಲಿನ ಗಿಣ್ಣುಗಳಲ್ಲಿ ಹಲವಕ್ಕೆ ಹಾಲು ಒಡೆಯಲು ಕರುವಿನ ಅಥವಾ ಕುರಿಮರಿಯ ಹೊಟ್ಟೆಯ ಅಂಶವನ್ನು ಬಳಸುತ್ತಾರೆ. ಕಟ್ಟುನಿಟ್ಟಿನವರು ಗಿಣ್ಣನ್ನೇ ಬಿಡುವುದು ಒಳ್ಳೆಯದು. ಸಿಯೆನಾದಲ್ಲಿ ಪೀಚಿ ಎಂಬ ದಪ್ಪ ಶ್ಯಾವಿಗೆಯಂಥ ಪಾಸ್ತಾ ಸಿಗುತ್ತದೆ. ಸಾಂಪ್ರದಾಯಿಕವಾಗಿ ಅದು ಗೋಧಿಹಿಟ್ಟು ಮತ್ತು ನೀರಿನಿಂದ ಕೈಯಲ್ಲೇ ಹೊಸೆದದ್ದು, ಆದರೂ ಮೊಟ್ಟೆ ಸೇರಿಸಿದ್ದಾರೆಯೇ ಎಂದು ಕೇಳಿ. ಟೊಮೆಟೊ ಬೆಳ್ಳುಳ್ಳಿ ಸಾರಿನೊಂದಿಗೆ ಅದನ್ನು ಅಪ್ಪ ಮನಸ್ಸು ತುಂಬಿ ಉಂಡರು. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ನಾವು ಒಯ್ದಿದ್ದ ಚಟ್ನಿಪುಡಿ ಅದಕ್ಕೆ ಚೆನ್ನಾಗಿ ಹೊಂದಿತು. ಪಾನ್‌ಫೋರ್ತೆ ಎಂಬ ಸಿಯೆನಾದ ಸಿಹಿಯಲ್ಲಿ ಬಾದಾಮಿ, ಜೇನು, ಸಕ್ಕರೆ ಪಾಕದ ಹಣ್ಣು, ದಾಲ್ಚಿನ್ನಿ ಇತ್ಯಾದಿ ಇರುತ್ತವೆ. ವಾರಗಟ್ಟಲೆ ಕೆಡುವುದಿಲ್ಲವಾದ್ದರಿಂದ ಊರಿಗೆ ಒಯ್ಯಲು ಅನುಕೂಲ. ಮಾಂಸವಿಲ್ಲದೆ ಎನ್ನಲು ‘ಸೆನ್ತ್ಸಾ ಕಾರ್ನೆ’, ಮೀನಿಲ್ಲದೆ ಎನ್ನಲು ‘ಸೆನ್ತ್ಸಾ ಪೇಶೆ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಕೊನೆಗೆ ಊರುಗಳ ಅನುಕ್ರಮ. ಬೆಳಿಗ್ಗೆ ಸಿಯೆನಾ, ಮಧ್ಯಾಹ್ನದ ನಂತರ ಸಾನ್ ಜಿಮಿನ್ಯಾನೊ ಇರುವ ಪ್ರವಾಸವನ್ನೇ ಆರಿಸಿ. ದಾರಿಯಲ್ಲಿ ಮೊಂತೆರಿಜ್ಜೋನಿಯ ದುಂಡನೆಯ ಕೋಟೆ ಕಾಣುತ್ತದೆ. 13ನೇ ಶತಮಾನದ ಮೊದಲಲ್ಲಿ ಸಿಯೆನಾದವರು ಕಾವಲಿಗೆ ಕಟ್ಟಿದ್ದು, ಅದರ ಬುರುಜುಗಳನ್ನು ಕವಿ ದಾಂತೆ ನರಕದ ದೈತ್ಯರಿಗೆ ಹೋಲಿಸಿದ್ದಾನೆ. ಅಲ್ಲಿ ಇಳಿಯದಿದ್ದರೂ ನಷ್ಟವಿಲ್ಲ. ಸಾನ್ ಜಿಮಿನ್ಯಾನೊದಲ್ಲಿ ನಿಮಗೆ ಕನಿಷ್ಠ ಎರಡು ಗಂಟೆ ಇರಬೇಕು. ನಿಮ್ಮ ಕಾಲಲ್ಲಿ ಶಕ್ತಿಯಿದ್ದರೆ 54 ಮೀಟರ್ ಎತ್ತರದ ತೊರ್ರೆ ಗ್ರೊಸ್ಸಾ ಗೋಪುರವನ್ನು ಹತ್ತಿ ಬನ್ನಿ, 200ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ತಂದೆತಾಯಿಯರು ಅಷ್ಟು ಹೊತ್ತು ಕೆಳಗೆ ಬಾವಿಯ ಚೌಕದಲ್ಲಿ ಕುಳಿತಿರಲಿ. ಆ ಚೌಕದ ಹೆಸರೇ ಬಾವಿಯಿಂದ ಬಂದಿದೆ. 13ನೇ ಶತಮಾನದ ಆ ಬಾವಿಗೆ ಎಂಟು ಮೂಲೆಯ ಕಲ್ಲಿನ ಕಟ್ಟೆಯಿದೆ, ಬಾಯಿಯ ಅಂಚಿನಲ್ಲಿ ನೂರಾರು ವರ್ಷ ಹಗ್ಗ ಉಜ್ಜಿ ಉಜ್ಜಿ ಬೆರಳು ಹಿಡಿಸುವಷ್ಟು ಆಳದ ಗೆರೆಗಳು ಬಿದ್ದಿವೆ. ನಾನು ಗೋಪುರದಿಂದ ಇಳಿದು ಬರುವಾಗ ಸಂಜೆ ಐದರ ಹೊತ್ತು. ದೊಡ್ಡ ಬಸ್ಸುಗಳ ಜನ ಹೊರಟುಹೋಗಿದ್ದರು. ಅಮ್ಮ ಕಟ್ಟೆಯ ಬಳಿ ನಿಂತು ಒಂದೊಂದೇ ಗೆರೆಯಲ್ಲಿ ತೋರುಬೆರಳನ್ನು ಇಟ್ಟು ನೋಡುತ್ತಿದ್ದರು. ತೀರ್ಥಹಳ್ಳಿಯ ತವರುಮನೆಯ ಹಿತ್ತಲಿನ ಬಾವಿಯಲ್ಲಿ, ರಾಟೆ ಹಾಕಿಸುವುದಕ್ಕೆ ಮುಂಚೆ, ಇಂಥವೇ ಗೆರೆಗಳಿದ್ದವು ಎಂದು ಹೇಳಿ, ಎಷ್ಟು ಕೊಡ ನೀರು ಎಳೆದಿರಬೇಕು ಇಲ್ಲಿಯ ಹೆಂಗಸರು ಎಂದು ಕೇಳಿದರು. ವ್ಯಾನ್ ಹೊರಡಲು ಇನ್ನೂ ನಲವತ್ತು ನಿಮಿಷ ಇತ್ತು. ನಾವು ಮೂವರೂ ಆ ಕಟ್ಟೆಯ ಮೆಟ್ಟಿಲಿನ ಮೇಲೆಯೇ ಕುಳಿತೆವು.