ರೊಟೆನೋನ್ ಫೇಲ್ ಆಗಿಲ್ಲ, ಸಕ್ಸಿನೇಟ್ ದಾರಿನೇ ಬೇರೆ

ಮೈಟೋಕಾಂಡ್ರಿಯಾ (ಜೀವಕೋಶದಲ್ಲಿ ಆಕ್ಸಿಜನ್ ಬಳಸಿ ಶಕ್ತಿ ಮಾಡೋ ಭಾಗ) ಹಾಕಿದ ಚೇಂಬರಲ್ಲಿ ಆಕ್ಸಿಜನ್ ಎಷ್ಟು ಉಳಿದಿದೆ ಅಂತ ಅಳೀವಾಗ, ಅದರ ಉಸಿರಾಟ ತಡೆಯೋ ರೊಟೆನೋನ್ ಹಾಕಿದ್ಮೇಲೆ ಆಕ್ಸಿಜನ್ ಗ್ರಾಫ್ ಚಪ್ಪಟೆ ಆಯ್ತು, ಸಕ್ಸಿನೇಟ್ ಅನ್ನೋ ಇಂಧನ ಹಾಕಿದ ತಕ್ಷಣ ಮತ್ತೆ ಇಳಿಯೋಕೆ ಶುರುವಾಯ್ತು, ಹಂಗಾದ್ರೆ ರೊಟೆನೋನ್ ಕೆಟ್ಟೋಗಿತ್ತಾ ಅಂತ ಕೇಳಿದೀರಲ್ಲ, ಇಲ್ಲ, ಅದು ಸರಿಯಾಗೇ ಕೆಲಸ ಮಾಡಿದೆ. ಇಂಧನದ ಎಲೆಕ್ಟ್ರಾನ್‌ಗಳನ್ನ ಆಕ್ಸಿಜನ್‌ವರೆಗೆ ಸಾಗಿಸೋ ಚೈನಲ್ಲಿ ಕಾಂಪ್ಲೆಕ್ಸ್ 1ರಿಂದ 4ರವರೆಗೆ ನಾಲ್ಕು ಪ್ರೋಟೀನ್ ಗುಂಪು ಇವೆ. ರೊಟೆನೋನ್ ಹೋಗಿ ಕೂರೋದು ಕಾಂಪ್ಲೆಕ್ಸ್ 1ರಲ್ಲಿ, ಯುಬಿಕ್ವಿನೋನ್ (ಎಲೆಕ್ಟ್ರಾನ್ ಹೊತ್ತು ಕಾಂಪ್ಲೆಕ್ಸ್ 3ಕ್ಕೆ ಒಯ್ಯೋ ಅಣು) ಬಂದು ಎಲೆಕ್ಟ್ರಾನ್ ತಗೊಳ್ಳೋ ಜಾಗದಲ್ಲಿ, ಹಾಗಾಗಿ ಮೊದಲು ಕೊಟ್ಟ ಇಂಧನ ಗ್ಲುಟಮೇಟ್-ಮಾಲೇಟ್ ಕಡೆಯಿಂದ ಎನ್‌ಎಡಿಎಚ್ ಅನ್ನೋ ಅಣು ಹೊತ್ತು ತರೋ ಎಲೆಕ್ಟ್ರಾನ್ ಅಲ್ಲೇ ನಿಂತೋಗುತ್ತೆ. ಸಕ್ಸಿನೇಟ್ ಕಾಂಪ್ಲೆಕ್ಸ್ 2ರಿಂದ ನೇರ ಯುಬಿಕ್ವಿನೋನ್‌ಗೆ ಕೊಡುತ್ತೆ, ಕಾಂಪ್ಲೆಕ್ಸ್ 1 ಅದಕ್ಕೆ ಬೇಕೇ ಇಲ್ಲ. ಆದ್ರೆ ಈ ದಾರೀಲಿ ಎರಡು ಎಲೆಕ್ಟ್ರಾನಿಗೆ 10 ಪ್ರೋಟಾನ್ ಬದಲು 6 ಮಾತ್ರ ಪೊರೆಯಾಚೆ ಪಂಪ್ ಆಗುತ್ತೆ, ಆ ಪ್ರೋಟಾನ್ ವಾಪಸ್ ಬರುವಾಗ ತಯಾರಾಗೋ ಎಟಿಪಿ (ಕೋಶದ ಶಕ್ತಿಯ ಅಣು) ಕಮ್ಮಿ ಬರುತ್ತೆ.

ಡೌಟ್ ಇದ್ರೆ ಅದೇ ಚೇಂಬರ್‌ಗೆ ಆಂಟಿಮೈಸಿನ್ ಎ ಹಾಕಿ ನೋಡಿ, ಅದು ಕಾಂಪ್ಲೆಕ್ಸ್ 3ನ ಹಿಡಿಯೋದ್ರಿಂದ ಸಕ್ಸಿನೇಟ್ ಕೂಡ ನಿಲ್ಲುತ್ತೆ, ಆಮೇಲೆ ಆಸ್ಕಾರ್ಬೇಟ್ ಜೊತೆ ಟಿಎಂಪಿಡಿ (ಆಸ್ಕಾರ್ಬೇಟ್‌ನ ಎಲೆಕ್ಟ್ರಾನ್ ಚೈನಿಗೆ ದಾಟಿಸೋ ರಾಸಾಯನಿಕ) ಕೊಟ್ರೆ ಎಲೆಕ್ಟ್ರಾನ್ ಕಾಂಪ್ಲೆಕ್ಸ್ 3 ಮತ್ತು 4ರ ನಡುವಿನ ಸೈಟೋಕ್ರೋಮ್ ಸಿ ಹತ್ರ ಒಳಗೆ ಬಂದು ಆಕ್ಸಿಜನ್ ಮತ್ತೆ ಖರ್ಚಾಗುತ್ತೆ, ಕೊನೇಲಿ ಅಜೈಡ್ ಹಾಕಿದ್ರೆ ಕಾಂಪ್ಲೆಕ್ಸ್ 4 ಬ್ಲಾಕ್. ಇಡೀ ಚೈನ್ ಒಂದೇ ಗ್ರಾಫಲ್ಲಿ ಕಾಣುತ್ತೆ, ನನಗಂತೂ ಬಯೋಕೆಮಿಸ್ಟ್ರಿಲಿ ಇದಕ್ಕಿಂತ ಚಂದದ ಪ್ರಯೋಗ ಇಲ್ಲ ಅನ್ಸುತ್ತೆ.

ಇನ್ನೊಂದು, ರೊಟೆನೋನ್ ಆಂಟಿಮೈಸಿನ್ ಎರಡೂ ನೀರಲ್ಲಿ ಸರಿಯಾಗಿ ಕರಗಲ್ಲ, ಎಥನಾಲಲ್ಲಿ ಕರಗಿಸಿರ್ತೀವಿ, ಹಾಗಾಗಿ ಬರೀ ಎಥನಾಲ್ ಹಾಕಿದ ಕಂಟ್ರೋಲ್ ಬೇಕೇ ಬೇಕು. ಇವೆರಡೂ ಚೇಂಬರ್ ಗೋಡೆಗೂ ಸ್ಟಾಪರ್‌ಗೂ ಅಂಟ್ಕೊಂಡು ಮುಂದಿನ ರನ್ ಹಾಳು ಮಾಡ್ತವೆ, ನೀರಲ್ಲಿ ತೊಳೆದ್ರೆ ಹೋಗಲ್ಲ, ಎಥನಾಲಲ್ಲಿ ನಾಲ್ಕೈದು ಸಲ ತೊಳೀರಿ. ಗ್ಲೌಸ್ ಹಾಕ್ಕೊಳಿ, ರೊಟೆನೋನ್, ಆಂಟಿಮೈಸಿನ್, ಅಜೈಡ್ ಎಲ್ಲಾ ವಿಷಾನೇ.